ಮೆಡಲ್ ಇದೆ, ಜಮೀನಿಗೆ ಪತ್ರ ಇಲ್ಲ: ‘ಡೆವಿಲ್ಸ್ ಡೋರ್‌ವೇ’ ಚಿತ್ರವನ್ನು ಹೇಗೆ ನೋಡಬೇಕು?

ಪ್ರಶ್ನೆ: ನಾನು ತಿಪಟೂರು ಕಡೆಯವನು. ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದೆ. ಊರಲ್ಲಿ ನಾವೊಂದಷ್ಟು ಜನ ತಿಂಗಳಿಗೊಂದು ಸಿನಿಮಾ ನೋಡಿ ಆಮೇಲೆ ಕೂತು ಮಾತಾಡ್ತೀವಿ. ಮೊನ್ನೆ ಮಗಳ ಜೊತೆ 1950ರ ‘ಡೆವಿಲ್ಸ್ ಡೋರ್‌ವೇ’ ನೋಡಿದೆ. ವೆಸ್ಟರ್ನ್ ಅಂದ್ರೆ ಸುಮ್ನೆ ಕುದುರೆ, ಬಂದೂಕು ಅಂದ್ಕೊಂಡಿದ್ದೆ. ಇದು ನೋಡಿದ್ರೆ ಪೂರ್ತಿ ಜಮೀನಿನ ತಕರಾರು. ನಾಯಕ ಯುದ್ಧದಲ್ಲಿ ಮೆಡಲ್ ಪಡೆದವನು. ಆದ್ರೂ ಹುಟ್ಟಿದ ಜಮೀನಿಗೆ ಅರ್ಜಿ ಹಾಕೋ ಹಕ್ಕೂ ಅವನಿಗಿಲ್ಲ ಅಂತಾರೆ. ಅನುಭವದಲ್ಲಿದ್ದೂ ಪಹಣಿಯಲ್ಲಿ ಹೆಸರಿಲ್ಲದ ಎಷ್ಟೋ ಜನರನ್ನ ಕೆಲಸದಲ್ಲಿ ನೋಡಿದ್ದೀನಿ. ಹಾಗಾಗಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆದ್ರೆ ಮಗಳಿಗೆ ಸಿಟ್ಟು. ಬಿಳಿಯ ನಟನ ಮುಖಕ್ಕೆ ಬಣ್ಣ ಬಳಿದು ಮೂಲನಿವಾಸಿ ಮಾಡಿದ್ದಾರೆ, ಇದನ್ನ ಹೇಗೆ ಮೆಚ್ತೀಯ ಅಪ್ಪಾ ಅಂತಾಳೆ. ಗೆಳೆಯರೊಬ್ಬರು ಇದು ‘ಬ್ರೋಕನ್ ಆ್ಯರೋ’ ಚಿತ್ರದ ನಕಲು ಅಂತಾರೆ. ಚಿತ್ರದಲ್ಲಿ ತೋರಿಸಿದ ಕಾನೂನು ನಿಜವಾ? ಇದನ್ನ ನಮ್ಮ ಕೂಟದಲ್ಲಿ ಹಾಕಬಹುದಾ? ಕಾಲೇಜು ಹುಡುಗರೂ ಬರ್ತಾರೆ.

ಉತ್ತರ: ಸರ್, ನೀವು ಕೇಳಿರುವ ಪ್ರಶ್ನೆಗಳು ಹಲವು. ಆದರೆ ಒಳಗಿರುವ ಆತಂಕ ಒಂದೇ ಅನಿಸಿತು. ಚಿತ್ರ ನಿಮ್ಮನ್ನು ತಟ್ಟಿದೆ. ಮಗಳ ಮಾತೂ ತಳ್ಳಿಹಾಕುವಂಥದ್ದಲ್ಲ ಅಂತ ಗೊತ್ತಾಗಿದೆ. ಹಾಗಾದರೆ ತಟ್ಟಿದ್ದೇ ತಪ್ಪಾ ಅಂತ ಕೇಳುತ್ತಿದ್ದೀರಿ. ತಪ್ಪಲ್ಲ. ಮಗಳ ಸಿಟ್ಟೂ ತಪ್ಪಲ್ಲ. ಈ ಚಿತ್ರಕ್ಕೆ ಆ ಎರಡೂ ಸಲ್ಲುತ್ತವೆ. ನಾನು ಸಿನಿಮಾ ಪಾಠ ಮಾಡುವವನು. ತರಗತಿಯಲ್ಲಿ ಈ ಚಿತ್ರ ಹಾಕಿದಾಗಲೆಲ್ಲ ಇದೇ ಎರಡು ಗುಂಪು ಆಗುತ್ತವೆ. ಎರಡೂ ಗುಂಪಿನವರು ಕಂಡದ್ದು ತೆರೆಯ ಮೇಲೆ ಇರುವುದನ್ನೇ.

ಹೆಚ್ಚಿನ ಓದುಗರು ಇದನ್ನು ನೋಡಿರಲಿಕ್ಕಿಲ್ಲ. ಕತೆ ಚುಟುಕಾಗಿ ಹೇಳಿಬಿಡುತ್ತೇನೆ. ಕೊನೆಯನ್ನೂ ಹೇಳುತ್ತೇನೆ, ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದಿದೆ. ಶೋಶೋನಿ ಬುಡಕಟ್ಟಿನ ಲ್ಯಾನ್ಸ್ ಪೂಲ್ ಸೇನೆಯ ಸಮವಸ್ತ್ರದಲ್ಲಿ ವಯೋಮಿಂಗ್‌ನ ಮೆಡಿಸಿನ್ ಬೋ ಊರಿಗೆ ವಾಪಸ್ ಬರುತ್ತಾನೆ. ಎದೆಯ ಮೇಲೆ ಆ ದೇಶದ ಅತಿ ದೊಡ್ಡ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಇದೆ. ಊರಾಚೆ ಸ್ವೀಟ್ ಮೆಡೋಸ್ ಎಂಬ ಹುಲ್ಲು, ನೀರು ತುಂಬಿದ ಕಣಿವೆ, ಅವನ ಅಪ್ಪನ ಕಾಲದ್ದು. ಇನ್ನು ಯುದ್ಧ ಸಾಕು, ದನ ಸಾಕಿಕೊಂಡು ಇರುತ್ತೇನೆ ಅನ್ನುತ್ತಾನೆ. ಇದ್ದು, ದುಡ್ಡನ್ನೂ ಮಾಡುತ್ತಾನೆ. ಕೆಲವು ವರ್ಷಕ್ಕೆ ವಯೋಮಿಂಗ್ ಟೆರಿಟರಿ (ಇನ್ನೂ ರಾಜ್ಯವಾಗದ ಆಡಳಿತ ಪ್ರದೇಶ) ಆಗುತ್ತದೆ, ಜಮೀನು ಹಂಚಿಕೆ ಶುರುವಾಗುತ್ತದೆ. ಪೂರ್ವದಿಂದ ಬಂದ ವರ್ನ್ ಕೂಲನ್ ಎಂಬ ವಕೀಲ ಕುರಿ ಸಾಕುವ ಬಡ ಕುಟುಂಬಗಳನ್ನು ಕರೆತಂದು, ಹೋಗಿ ಆ ಕಣಿವೆ ಹಿಡಿಯಿರಿ ಅನ್ನುತ್ತಾನೆ. ಲ್ಯಾನ್ಸ್ ತಾನೂ ಒಬ್ಬ ವಕೀಲೆಯ ಬಳಿ ಹೋಗುತ್ತಾನೆ. ಆಕೆ ಓರಿ ಮಾಸ್ಟರ್ಸ್. ಆಕೆ ಪುಸ್ತಕ ತಿರುವಿ ನೋಡಿ ಹೇಳುವುದಿಷ್ಟು: ನೀವು ಈ ದೇಶದ ನಾಗರಿಕರಲ್ಲ, ಸರ್ಕಾರದ ಪಾಲನೆಯಲ್ಲಿರುವವರು, ನಿಮ್ಮ ಹೆಸರಿಗೆ ಜಮೀನು ಆಗುವುದಿಲ್ಲ. ಊರವರ ಸಹಿ ಹಾಕಿಸಿ ಮನವಿ ಕಳಿಸುವ ಪ್ರಯತ್ನವೂ ಕೈಗೂಡುವುದಿಲ್ಲ. ಕೊನೆಗೆ ಬಂದೂಕು, ಡೈನಮೈಟ್. ಆಮೇಲೆ, ಯಾವ ಸೇನೆಯಲ್ಲಿ ಅವನು ಹೋರಾಡಿದ್ದನೋ ಅದೇ ಸೇನೆ ಅವನ ಮೇಲೆ ಬರುತ್ತದೆ. ಹಳೆಯ ಸೇನಾ ಕೋಟು ಹಾಕಿಕೊಂಡು, ಮೆಡಲ್ ಸಿಕ್ಕಿಸಿಕೊಂಡು ಹೊರಗೆ ಬಂದು, ಅಧಿಕಾರಿಗೆ ಸೆಲ್ಯೂಟ್ ಹೊಡೆದು ಬಿದ್ದು ಸಾಯುತ್ತಾನೆ.

ನಿರ್ದೇಶಕ ಆಂಥನಿ ಮಾನ್. ಚಿತ್ರಕತೆ ಗೈ ಟ್ರಾಸ್ಪರ್. ಕ್ಯಾಮೆರಾ ಜಾನ್ ಆಲ್ಟನ್. ಲ್ಯಾನ್ಸ್ ಆಗಿ ರಾಬರ್ಟ್ ಟೇಲರ್, ಓರಿಯಾಗಿ ಪಾಲಾ ರೇಮಂಡ್, ಕೂಲನ್ ಆಗಿ ಲೂಯಿ ಕ್ಯಾಲ್‌ಹರ್ನ್. ಒಂದೂವರೆ ಗಂಟೆಯೂ ಇಲ್ಲದ ಚಿತ್ರ.

ಮೊದಲು ಕಾನೂನಿನ ವಿಷಯ. ನಿಮ್ಮನ್ನು ಕಾಡಿದ್ದು ಅದೇ ಅಲ್ವಾ. ಚಿತ್ರ ಹೇಳುವುದು ನಿಜ. ಹೋಮ್‌ಸ್ಟೆಡ್ ಕಾಯ್ದೆಗೆ ಅಧ್ಯಕ್ಷ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದರು. 160 ಎಕರೆಗೆ ಅರ್ಜಿ ಹಾಕಿ, ಅಲ್ಲೇ 5 ವರ್ಷ ವಾಸವಿದ್ದು ಉಳುಮೆ ಮಾಡಿದರೆ ಪತ್ರ ನಿಮ್ಮ ಹೆಸರಿಗೆ. ಖರ್ಚು ಎಲ್ಲ ಸೇರಿ 18 ಡಾಲರ್ ಆಸುಪಾಸು. ಅರ್ಜಿದಾರ 21 ವರ್ಷ ದಾಟಿರಬೇಕು ಅಥವಾ ಮನೆ ಯಜಮಾನನಾಗಿರಬೇಕು. ಅಮೆರಿಕದ ನಾಗರಿಕನಾಗಿರಬೇಕು, ಇಲ್ಲವೇ ನಾಗರಿಕನಾಗುತ್ತೇನೆ ಎಂದು ಬರೆದುಕೊಟ್ಟಿರಬೇಕು. ಬಿಕ್ಕಟ್ಟು ಇರುವುದು ಈ ಕೊನೆಯ ಷರತ್ತಿನಲ್ಲಿ. ನಿನ್ನೆ ಹಡಗಿನಿಂದ ಇಳಿದ ನಾರ್ವೆಯವನು ಒಂದು ಕಾಗದ ಬರೆದುಕೊಟ್ಟು ಅರ್ಜಿ ಹಾಕಬಹುದಿತ್ತು. ಮದುವೆಯಾಗದ ಹೆಣ್ಣುಮಗಳು ಹಾಕಬಹುದಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೂ ಯುದ್ಧದ ನಂತರ ಆ ದಾರಿ ತೆರೆಯಿತು. ಅದೇ ಮಣ್ಣಿನಲ್ಲಿ ಹುಟ್ಟಿದ ಶೋಶೋನಿಗೆ ಮಾತ್ರ ಇಲ್ಲ.

ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಬಂದ 14ನೇ ತಿದ್ದುಪಡಿ, ದೇಶದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಎಂದಿತು. ಆದರೆ ಬುಡಕಟ್ಟಿನವರಿಗೆ ಅದು ಅನ್ವಯಿಸುತ್ತದಾ? ಜಾನ್ ಎಲ್ಕ್ ಎಂಬುವರು ಬುಡಕಟ್ಟು ಬಿಟ್ಟು ಒಮಾಹಾ ಪಟ್ಟಣದಲ್ಲಿ ನೆಲೆಸಿ, ಮತದಾನದ ಹಕ್ಕು ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1884ರಲ್ಲಿ ಕೋರ್ಟ್ ಇಲ್ಲ ಎಂದಿತು. ಮೂಲನಿವಾಸಿಗಳೆಲ್ಲರಿಗೂ ನಾಗರಿಕತ್ವ ಸಿಕ್ಕಿದ್ದು 1924ರಲ್ಲಿ. ಬುಡಕಟ್ಟಿನ ಸಂಬಂಧ ಬಿಟ್ಟವರು ಹೋಮ್‌ಸ್ಟೆಡ್‌ಗೆ ಅರ್ಜಿ ಹಾಕಬಹುದು ಎಂಬ ಕಾನೂನು 1875ರಲ್ಲಿ ಬಂತು. ಚಿತ್ರದ ಕತೆ ಅದಕ್ಕಿಂತ ಹಿಂದಿನದು. ಹಾಗಾಗಿ ಓರಿ ಪುಸ್ತಕ ನೋಡಿ ಹೇಳಿದ ಮಾತು ಆ ಹೊತ್ತಿಗೆ ಸರಿ. ಇನ್ನೊಂದು ವಿಷಯವೂ ಉಂಟು. 1872ರಲ್ಲಿ ಬಂದ ಕಾನೂನಿನ ಪ್ರಕಾರ ಅಂತರ್ಯುದ್ಧದಲ್ಲಿ ಒಕ್ಕೂಟದ (ಉತ್ತರದವರ) ಪರ ಹೋರಾಡಿದ ಸೈನಿಕರು ಸೇನೆಯಲ್ಲಿದ್ದ ಕಾಲವನ್ನು ಆ 5 ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಿತ್ತು. ಲ್ಯಾನ್ಸ್ ಬಿಳಿಯನಾಗಿದ್ದರೆ ಅವನ ಸೇವೆ ಅವನ ಜಮೀನಿನ ಲೆಕ್ಕಕ್ಕೆ ಜಮಾ ಆಗುತ್ತಿತ್ತು.

ವಕೀಲಿ ಮಾಡುವ ಹೆಣ್ಣು ಆ ಕಾಲದಲ್ಲಿ ಎಲ್ಲಿದ್ದಳು ಅಂತ ಯಾರಾದರೂ ಕೇಳುತ್ತಾರೆ. ಇದ್ದರು. ಅಯೋವಾದಲ್ಲಿ ಅರಾಬೆಲ್ಲಾ ಮ್ಯಾನ್ಸ್‌ಫೀಲ್ಡ್ 1869ರಲ್ಲೇ ವಕೀಲೆಯಾಗಿ ನೋಂದಾಯಿಸಿಕೊಂಡರು. ವಯೋಮಿಂಗ್ ಟೆರಿಟರಿ ಅದೇ ವರ್ಷ ಡಿಸೆಂಬರ್‌ನಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. 1870ರಲ್ಲಿ ಅಲ್ಲಿನ ಸೌತ್ ಪಾಸ್ ಸಿಟಿಯಲ್ಲಿ ಎಸ್ತರ್ ಮಾರಿಸ್ ನ್ಯಾಯಾಧಿಕಾರಿಯಾಗಿ ಕೂತರು. ಒಂದೇ ಟೆರಿಟರಿ, ಒಂದೇ ಕಾಲ. ಹೆಂಗಸರಿಗೆ ಬಾಗಿಲು ತೆರೆಯಿತು, ಮೂಲನಿವಾಸಿಗೆ ಮುಚ್ಚಿತು. ಲ್ಯಾನ್ಸ್ ಮತ್ತು ಓರಿಯನ್ನು ಒಂದೇ ಮೇಜಿನ ಎರಡು ಬದಿಗೆ ಕೂರಿಸಿದ್ದು ಚಿತ್ರಕತೆಯ ದೊಡ್ಡ ಜಾಣತನ ಅನಿಸುತ್ತದೆ ನನಗೆ. ಮೊದಲ ಭೇಟಿಯಲ್ಲಿ ಅವನಿಗೂ ಹೆಂಗಸಿನ ಬಗ್ಗೆ ಅನುಮಾನ. ಆಕೆಗೂ ಅವನ ಬಗ್ಗೆ ಅನುಮಾನ.

ಚಿತ್ರ ಸಡಿಲ ಬಿಟ್ಟ ಕಡೆಯೂ ಇವೆ. ಶೋಶೋನಿಗಳ ಭೂಮಿ ಹೋಗಿದ್ದು ಹೆಚ್ಚಾಗಿ ಒಬ್ಬೊಬ್ಬರ ಅರ್ಜಿ ತಿರಸ್ಕಾರವಾಗಿ ಅಲ್ಲ, ಒಪ್ಪಂದಗಳ ಮೂಲಕ. 1863ರ ಫೋರ್ಟ್ ಬ್ರಿಡ್ಜರ್ ಒಪ್ಪಂದದಲ್ಲಿ ಪೂರ್ವ ಶೋಶೋನಿಗಳದ್ದು ಎಂದು ಗುರುತಿಸಿದ ನಾಡು 4 ಕೋಟಿ 40 ಲಕ್ಷ ಎಕರೆಗೂ ಜಾಸ್ತಿ. ಐದೇ ವರ್ಷದಲ್ಲಿ, 1868ರ ಎರಡನೇ ಒಪ್ಪಂದದಲ್ಲಿ, ಅದು ವಿಂಡ್ ರಿವರ್ ಕಣಿವೆಯ ಸುಮಾರು 30 ಲಕ್ಷ ಎಕರೆಗೆ ಇಳಿಯಿತು. ಕುರಿ ಮತ್ತು ದನದವರ ಜಗಳವೂ ನಿಜ, ಆದರೆ ವಯೋಮಿಂಗ್‌ನಲ್ಲಿ ಅದು ರಕ್ತ ಹರಿಯುವ ಮಟ್ಟಕ್ಕೆ ಹೋಗಿದ್ದು 1890ರ ದಶಕದಿಂದ 1909ರವರೆಗೆ. ಆ ವರ್ಷ ಸ್ಪ್ರಿಂಗ್ ಕ್ರೀಕ್ ಎಂಬಲ್ಲಿ ಮೂವರು ಕುರಿಯವರನ್ನು ಕೊಂದರು. ಚಿತ್ರ ಆ ಜಗಳವನ್ನು ಸುಮಾರು ಇಪ್ಪತ್ತು, ಮೂವತ್ತು ವರ್ಷ ಹಿಂದಕ್ಕೆ ಎಳೆದಿದೆ. ಎರಡು ಕಾಲವನ್ನು ಹೊಲಿದಿದ್ದಾರೆ. ಕತೆಗೆ ಅದು ಅನುಕೂಲ, ಚರಿತ್ರೆಯ ಪಾಠಕ್ಕೆ ಅಲ್ಲ.

ನೀವು ಭೂಮಾಪಕರಾಗಿದ್ದರಿಂದ ಇನ್ನೊಂದು ವಿಷಯ ಹೇಳಬೇಕು. ಬೇರೆಯವರಿಗೆ ಇದನ್ನು ವಿವರಿಸುವುದು ಕಷ್ಟ, ನಿಮಗೆ ಸಲೀಸು. ಅಮೆರಿಕದ ಪಶ್ಚಿಮವನ್ನು ಅಳೆದದ್ದು 66 ಅಡಿಯ ಗಂಟರ್ ಸರಪಳಿಯಿಂದ. ನಮ್ಮ ಒಂದು ಗುಂಟೆ 33 ಅಡಿ ಚೌಕ, ಅಂದರೆ ಆ ಸರಪಳಿಯ ಅರ್ಧ. ಅದೇ ಬ್ರಿಟಿಷ್ ಅಳತೆ ಎರಡು ಖಂಡಕ್ಕೆ ಹೋಗಿದೆ. ಅಲ್ಲಿ ಇಡೀ ನೆಲವನ್ನು 6 ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಕತ್ತರಿಸಿದರು. ಪ್ರತಿ ಟೌನ್‌ಶಿಪ್‌ನಲ್ಲಿ 640 ಎಕರೆಯ 36 ಸೆಕ್ಷನ್. ಹೋಮ್‌ಸ್ಟೆಡ್ ಅಂದರೆ ಒಂದು ಸೆಕ್ಷನ್ನಿನ ಕಾಲು ಭಾಗ, 160 ಎಕರೆ. ಬೆಟ್ಟ ಬರಲಿ, ಹೊಳೆ ಬರಲಿ, ಗೆರೆ ನೆಟ್ಟಗೆ.

ಮಳೆ ಬೀಳುವ ಪೂರ್ವದಲ್ಲಿ 160 ಎಕರೆ ಒಂದು ಸಂಸಾರಕ್ಕೆ ಧಾರಾಳ. ವಯೋಮಿಂಗ್‌ನಂಥ ಒಣ ನಾಡಿನಲ್ಲಿ ಅಷ್ಟರಲ್ಲಿ ದನ ಮೇಯಿಸಿ ಬದುಕಲು ಆಗುವುದಿಲ್ಲ. ಪಶ್ಚಿಮವನ್ನು ಸುತ್ತಿ ಅಧ್ಯಯನ ಮಾಡಿದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲಿ ಇದನ್ನೇ ಬರೆದರು. ಮೇವಿನ ಜಮೀನಾದರೆ ಒಂದು ಕುಟುಂಬಕ್ಕೆ 2,560 ಎಕರೆ ಬೇಕು, ಗೆರೆಗಳನ್ನು ನೀರು ನೋಡಿಕೊಂಡು ಹಾಕಿ ಅಂದರು. ಸರ್ಕಾರ ಕೇಳಲಿಲ್ಲ. ಪರಿಣಾಮ ಏನಾಯಿತು? ನೀರಿರುವ ಕಾಲು ಸೆಕ್ಷನ್ ಯಾರ ಕೈಯಲ್ಲಿದೆಯೋ, ಸುತ್ತಲಿನ ಸಾವಿರಾರು ಎಕರೆ ಒಣ ಹುಲ್ಲು ಅವರದೇ ಆಯಿತು. ಬೇರೆಯವರ ದನಕ್ಕೆ ಕುಡಿಯಲು ಜಾಗವೇ ಇಲ್ಲವಲ್ಲ. ವೆಸ್ಟರ್ನ್ ಚಿತ್ರಗಳ ಅರ್ಧ ಜಗಳಗಳ ಬುಡ ಇದು. ಸ್ವೀಟ್ ಮೆಡೋಸ್ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಅದು ಚೆಂದ ಅಂತಲ್ಲ, ಅಲ್ಲಿ ನೀರಿದೆ ಅಂತ. ಕುರಿಯವರನ್ನು ಚಿತ್ರ ಕೆಟ್ಟವರಾಗಿ ತೋರಿಸದೆ ಬಿಟ್ಟಿದ್ದೂ ಅದಕ್ಕೇ. ಅವರಿಗೂ ನೀರು ಬೇಕು, ಅವರ ಕುರಿಯೂ ಸಾಯುತ್ತಿವೆ. ಅವರು ಬಡವರು. ಒಬ್ಬನ ಹೊಟ್ಟೆಪಾಡನ್ನು ಇನ್ನೊಬ್ಬನ ಮೇಲೆ ಛೂ ಬಿಟ್ಟವನು ಕೂಲನ್.

ಈಗ ಸಿನಿಮಾಕ್ಕೆ ಬರೋಣ. ಕಾನೂನು ಸರಿಯಿದೆ ಅನ್ನುವುದಷ್ಟೇ ಒಂದು ಚಿತ್ರವನ್ನು ಒಳ್ಳೆಯದು ಮಾಡುವುದಿಲ್ಲ. ನಿಮಗೆ ನಿದ್ದೆ ಬಾರದ ಹಾಗೆ ಮಾಡಿದ್ದು ಮಾನ್ ಮತ್ತು ಆಲ್ಟನ್ ಸೇರಿ ಕಟ್ಟಿದ ಚೌಕಟ್ಟುಗಳು. ಇಬ್ಬರೂ ಇದಕ್ಕೆ ಮುಂಚೆ ‘ಟಿ-ಮೆನ್’, ‘ರಾ ಡೀಲ್’ ಥರದ ಕತ್ತಲೆ ತುಂಬಿದ ಅಪರಾಧದ ಚಿತ್ರ ಮಾಡಿದವರು. ಅದೇ ಬೆಳಕನ್ನು ಬಯಲಿಗೆ ತಂದರು. ಇನ್ನೊಮ್ಮೆ ನೋಡುವಾಗ ಒಂದು ಕೆಲಸ ಮಾಡಿ. ಬಯಲಿನ ದೃಶ್ಯ ಮತ್ತು ಊರೊಳಗಿನ ದೃಶ್ಯವನ್ನು ಬೇರೆ ಬೇರೆ ಗಮನಿಸಿ. ಕಣಿವೆಯಲ್ಲಿ ಆಕಾಶ ಅಗಲ, ದೂರದ ಬೆಟ್ಟವೂ ಸ್ಪಷ್ಟ, ಮನುಷ್ಯ ನೆಟ್ಟಗೆ ನಿಂತಿದ್ದಾನೆ. ಊರೊಳಗೆ ಬಂದ ಕೂಡಲೇ ಕ್ಯಾಮೆರಾ ಕೆಳಗಿಳಿಯುತ್ತದೆ, ತಲೆಯ ಮೇಲೆ ಸೂರು ಒತ್ತಿಕೊಂಡು ಬರುತ್ತದೆ, ಮುಖದ ಅರ್ಧ ಕತ್ತಲಲ್ಲಿ. ಯಾರೂ ಬೈಯುವ ಮುಂಚೆಯೇ ಈ ಕೋಣೆ ಅವನದ್ದಲ್ಲ ಅಂತ ನಮಗೆ ಗೊತ್ತಾಗುತ್ತದೆ.

ಸಲೂನ್‌ನ ಹೊಡೆದಾಟ ತೆಗೆದುಕೊಳ್ಳಿ. ಮೊದಲ ಸಲ ಬಂದಾಗ ಲ್ಯಾನ್ಸ್ ಅದೇ ಸಲೂನ್‌ನಲ್ಲಿ ಹಳೇ ಗೆಳೆಯ ಝೀಕ್ ಜೊತೆ ಕುಡಿದಿದ್ದ. ಆಮೇಲೆ ಬಂದಾಗ ಮೂಲನಿವಾಸಿಗಳಿಗೆ ಮದ್ಯ ಕೊಡುವಂತಿಲ್ಲ ಎಂಬ ಬೋರ್ಡ್ ನೇತಾಡುತ್ತಿದೆ. ಬಾರ್ ಅದೇ, ಗ್ಲಾಸ್ ಅದೇ, ಮಧ್ಯೆ ಒಂದು ಕಾಗದ ಬಂದಿದೆ. ಕೂಲನ್‌ನ ಕಡೆಯವನೊಬ್ಬ ಕೆಣಕುತ್ತಾನೆ. ಮಾಮೂಲಿ ವೆಸ್ಟರ್ನ್ ಆಗಿದ್ದರೆ ದೂರದಿಂದ ತೋರಿಸಿ, ಕುರ್ಚಿ ಮುರಿದು, ಮಜಾ ಕೊಡುತ್ತಿದ್ದರು. ಇಲ್ಲಿ ಮುಖಗಳು ತೀರಾ ಹತ್ತಿರ, ಕತ್ತಲೆ ಜಾಸ್ತಿ, ಏಟು ಬಿದ್ದಾಗ ನೋಡುವವರಿಗೇ ನೋವಾಗುತ್ತದೆ. ಕೂಲನ್ ಕೈ ಎತ್ತುವುದಿಲ್ಲ, ನೋಡುತ್ತಾನೆ. ಅವನಿಗೆ ಕೈ ಎತ್ತುವ ಅಗತ್ಯವೇ ಇಲ್ಲ. ಅವನ ಪರವಾಗಿ ಕೆಲಸ ಮಾಡಲು ಕಾನೂನು ಪುಸ್ತಕ ಇದೆ. ಹೊಡೆದಾಟದಲ್ಲಿ ಗೆದ್ದವನಿಗೆ ಗೆಲುವಿನಿಂದ ಏನೂ ಸಿಗದ ವೆಸ್ಟರ್ನ್ ಚಿತ್ರಗಳು ಬಹಳ ಕಡಿಮೆ.

ಬಟ್ಟೆಯನ್ನೂ ಗಮನಿಸಿ. ಶುರುವಿನಲ್ಲಿ ಸೇನೆಯ ಸಮವಸ್ತ್ರ, ಆಮೇಲೆ ಊರಿನವರಂಥ ಅಂಗಿ, ಟೋಪಿ. ಒಂದೊಂದು ಬಾಗಿಲು ಮುಚ್ಚಿದ ಹಾಗೆ ಆ ಬಟ್ಟೆ ಕಳಚುತ್ತಾ ಶೋಶೋನಿ ಉಡುಪು ಬರುತ್ತದೆ. ಕಡೆಯಲ್ಲಿ ಅದರ ಮೇಲೆ ಮತ್ತೆ ಸೇನೆಯ ಕೋಟು. ಸಂಭಾಷಣೆ ಇಲ್ಲದೆ ಇಡೀ ಕತೆ ಅಲ್ಲೇ ಇದೆ.

ಇನ್ನು ನಕಲಿನ ಮಾತು. ‘ಬ್ರೋಕನ್ ಆ್ಯರೋ’ ಮೊದಲು ಬಿಡುಗಡೆಯಾದದ್ದು ನಿಜ. ಆದರೆ ‘ಡೆವಿಲ್ಸ್ ಡೋರ್‌ವೇ’ ಚಿತ್ರೀಕರಣ 1949ರಲ್ಲೇ ಮುಗಿದಿತ್ತು. ಇಷ್ಟು ಕಹಿ ಚಿತ್ರವನ್ನು ಹೊರಗೆ ಬಿಡಲು ಎಂಜಿಎಂ ಕಂಪನಿ ಹಿಂಜರಿದು ಇಟ್ಟುಕೊಂಡಿತು. 1950ರಲ್ಲಿ ‘ಬ್ರೋಕನ್ ಆ್ಯರೋ’ ಗೆದ್ದ ಮೇಲೆ ಬಿಟ್ಟಿತು. ಎರಡಕ್ಕೂ ದೃಷ್ಟಿಯಲ್ಲೂ ವ್ಯತ್ಯಾಸ ಇದೆ. ಅದು ಬಣ್ಣದ ಚಿತ್ರ, ಜೇಮ್ಸ್ ಸ್ಟೂವರ್ಟ್ ಎಂಬ ಒಳ್ಳೆಯ ಬಿಳಿಯನ ಕಣ್ಣಿಂದ ಅಪಾಚೆ ಬುಡಕಟ್ಟಿನವರನ್ನು ನೋಡುತ್ತದೆ, ಸಂಧಾನದ ಕಡೆ ಹೋಗುತ್ತದೆ. ಇದರಲ್ಲಿ ನೋಡುವ ಕಣ್ಣೇ ಲ್ಯಾನ್ಸ್‌ನದು, ಸಂಧಾನಕ್ಕೆ ದಾರಿಯೂ ಸಿಗುವುದಿಲ್ಲ. ಓರಿ ಮತ್ತು ಅವನ ನಡುವೆ ಏನೋ ಹುಟ್ಟುತ್ತದೆ, ಆದರೆ ಕತೆ ಅದನ್ನು ಮುಂದುವರಿಯಲು ಬಿಡುವುದಿಲ್ಲ. ನೂರು ವರ್ಷ ಆದ ಮೇಲಾದರೆ ಆಗುತ್ತಿತ್ತೇನೋ ಎಂಬರ್ಥದ ಮಾತನ್ನು ಅವನೇ ಆಡುತ್ತಾನೆ. ಗೆಳೆಯರು ಅವೆರಡನ್ನೂ ಒಟ್ಟಿಗೆ ನೋಡಿದರೆ ನಕಲು ಅನ್ನಲಿಕ್ಕಿಲ್ಲ.

ಇದರ ಎದುರಿಗೆ ಇನ್ನೊಂದು ತಪ್ಪು ನಂಬಿಕೆಯೂ ಓಡಾಡುತ್ತಿದೆ: 1950ಕ್ಕೆ ಮುಂಚೆ ಮೂಲನಿವಾಸಿಗಳ ಪರ ಯಾರೂ ಸಿನಿಮಾ ಮಾಡಿರಲಿಲ್ಲ, ಇದೇ ಮೊದಲು ಅಂತ. ಅದೂ ಸರಿಯಲ್ಲ. 1910ರಲ್ಲೇ ಡಿ.ಡಬ್ಲ್ಯು. ಗ್ರಿಫಿತ್ ‘ರಮೋನಾ’ ಮಾಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಮೂಲನಿವಾಸಿಗಳ ಜಮೀನು ಕಿತ್ತುಕೊಂಡ ಕತೆ ಅದು. 1925ರ ‘ದಿ ವ್ಯಾನಿಶಿಂಗ್ ಅಮೆರಿಕನ್’ನಲ್ಲೂ ಯುದ್ಧದಿಂದ ಮರಳಿದ ಮೂಲನಿವಾಸಿ ಸೈನಿಕನಿದ್ದಾನೆ. ಮಾನ್ ಹೊಸದಾಗಿ ಮಾಡಿದ್ದು ಕನಿಕರವನ್ನಲ್ಲ. ಜಗಳವನ್ನು ದುಷ್ಟ ವ್ಯಕ್ತಿಯಿಂದ ಎತ್ತಿ ಕಾನೂನಿನ ಮೇಲೆ ಇಟ್ಟಿದ್ದು. ಕೂಲನ್ ಸತ್ತರೂ ಲ್ಯಾನ್ಸ್‌ಗೆ ಜಮೀನು ಸಿಗುವುದಿಲ್ಲ.

ಆ ವರ್ಷಗಳಲ್ಲೇ ಇಂಥ ಕತೆ ಯಾಕೆ ಬಂತು ಅನ್ನುವುದಕ್ಕೂ ಕಾರಣ ಇದೆ. ಎರಡನೇ ಮಹಾಯುದ್ಧ ಮುಗಿಸಿ ಸಾವಿರಾರು ಮೂಲನಿವಾಸಿ ಸೈನಿಕರು ಆಗಷ್ಟೇ ಊರಿಗೆ ಮರಳಿದ್ದರು. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳಲ್ಲಿ ಅವರಿಗೆ ಮತದ ಹಕ್ಕೇ ಇರಲಿಲ್ಲ. 1948ರಲ್ಲಿ ಕೋರ್ಟಿನಿಂದ ಅದನ್ನು ಪಡೆದರು. ನ್ಯೂ ಮೆಕ್ಸಿಕೋದಲ್ಲಿ ಮೊಕದ್ದಮೆ ಹೂಡಿದ ಮಿಗೆಲ್ ಟ್ರುಹಿಯೋ ಮರೀನ್ ಪಡೆಯಲ್ಲಿ ಕೆಲಸ ಮಾಡಿದ್ದವರು. ದೇಶಕ್ಕೆ ಹೋರಾಡಿದವನನ್ನು ದೇಶ ತನ್ನವನು ಅನ್ನದಿದ್ದರೆ ಏನು ಎಂಬ ಪ್ರಶ್ನೆ ಪತ್ರಿಕೆಯಲ್ಲಿತ್ತು, ಕೋರ್ಟಿನಲ್ಲಿತ್ತು. ಚಿತ್ರ ಅದನ್ನು 80 ವರ್ಷ ಹಿಂದಕ್ಕೆ ಇಟ್ಟು ಕೇಳಿತು. ರಾಬರ್ಟ್ ಟೇಲರ್ ಬಗ್ಗೆ ಒಂದು ಮಾತು ಹೇಳಲೇಬೇಕು. 1947ರಲ್ಲಿ ಹಾಲಿವುಡ್‌ನ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ ಮುಂದೆ ಸಾಕ್ಷಿ ಹೇಳಿ ಸಹೋದ್ಯೋಗಿಗಳ ಹೆಸರು ಹೇಳಿದವರು ಅವರು. ಅದೇ ಮನುಷ್ಯ ಎರಡು ವರ್ಷಕ್ಕೆ ಈ ಪಾತ್ರ ಮಾಡಿದರು, ಅದೂ ಮನಸ್ಸಿಟ್ಟು ಮಾಡಿದರು. ಅದು ನನಗೆ ಇವತ್ತಿಗೂ ಪೂರ್ತಿ ಅರಗಿಲ್ಲ.

ಈಗ ಮಗಳ ಸಿಟ್ಟಿಗೆ ಬರೋಣ. ಆಕೆ ಹೇಳಿದ್ದು ನೇರ ಸತ್ಯ. ಟೇಲರ್ ಮುಖಕ್ಕೆ ಕಂದು ಬಣ್ಣ ಬಳಿದಿದ್ದಾರೆ. ಕಪ್ಪು ಬಿಳುಪಿನಲ್ಲೂ ಅದು ಕಾಣುತ್ತದೆ. ‘ಆ ಕಾಲವೇ ಹಾಗಿತ್ತು’ ಎಂದು ಮುಗಿಸಬೇಡಿ. ಆ ಕಾಲದಲ್ಲೇ ಹಾಲಿವುಡ್‌ನಲ್ಲಿ ಮೂಲನಿವಾಸಿ ನಟರಿದ್ದರು. ಮೊಹಾಕ್ ಜನಾಂಗದ ಜೇ ಸಿಲ್ವರ್‌ಹೀಲ್ಸ್ ‘ಬ್ರೋಕನ್ ಆ್ಯರೋ’ದಲ್ಲೇ ಇದ್ದಾರೆ. ನಟರಿಲ್ಲ ಅನ್ನುವುದು ಕಾರಣ ಆಗಿರಲಿಲ್ಲ. ದೊಡ್ಡ ಪಾತ್ರ, ದೊಡ್ಡ ಹೆಸರು, ದೊಡ್ಡ ಸಂಬಳ ಅವರಿಗೆ ಕೊಡಲಿಲ್ಲ ಅಷ್ಟೆ. ಟೇಲರ್ ಇಲ್ಲದಿದ್ದರೆ ಕಂಪನಿ ಈ ಚಿತ್ರಕ್ಕೆ ದುಡ್ಡೇ ಹಾಕುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು. ಅದರಿಂದ ತಪ್ಪು ಕಡಿಮೆಯಾಗುವುದಿಲ್ಲ. ಜಮೀನಿನ ಮೇಲೆ ಹೆಸರಿಲ್ಲದವನ ಕತೆ ಹೇಳುವ ಚಿತ್ರ, ಅವನ ಪಾತ್ರವನ್ನೂ ಅವನ ಜನರಿಗೆ ಕೊಡಲಿಲ್ಲ. ಚರ್ಚೆಯಲ್ಲಿ ಇದನ್ನು ಯಾರಾದರೂ ಎತ್ತಲಿ ಅಂತ ಕಾಯಬೇಡಿ, ನೀವೇ ಎತ್ತಿ.

ಬಣ್ಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೊನೆ. ಲ್ಯಾನ್ಸ್ ಬಿದ್ದಾಗ ಅವನ ಜನವೇ ಮುಗಿದುಹೋಯಿತು ಎಂಬ ಧಾಟಿ ಇದೆ. ನೋಡುವವರಿಗೆ ಅಳು ಬರುತ್ತದೆ, ಜೊತೆಗೆ ಇದೆಲ್ಲ ಮುಗಿದ ಕತೆ ಎಂಬ ಒಂದು ಥರದ ನಿರಾಳವೂ ಬರುತ್ತದೆ. ಅದು ನಿಜವಲ್ಲ. ಪೂರ್ವ ಶೋಶೋನಿಗಳು ಇವತ್ತಿಗೂ ವಿಂಡ್ ರಿವರ್‌ನಲ್ಲಿದ್ದಾರೆ. ಅವರ ನಾಯಕ ವಾಶಾಕಿ ಹಟ ಹಿಡಿದು ಆ ಕಣಿವೆಯನ್ನು 1868ರ ಒಪ್ಪಂದದಲ್ಲಿ ಉಳಿಸಿಕೊಂಡರು. 1878ರಲ್ಲಿ ಸರ್ಕಾರ ಅರಪಾಹೋ ಎಂಬ ಬೇರೆ ಬುಡಕಟ್ಟಿನವರನ್ನೂ ಅಲ್ಲಿಗೇ ತಂದು ಕೂರಿಸಿತು. ಶೋಶೋನಿಗಳು ಪಟ್ಟು ಬಿಡದೆ ಕೋರ್ಟಿಗೆ ಹೋದರು. 1937ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪರಿಹಾರ ಸಲ್ಲಬೇಕು ಎಂದಿತು. ಮರುವರ್ಷ, ಅಲ್ಲಿನ ಮರ ಮತ್ತು ಖನಿಜವೂ ಬುಡಕಟ್ಟಿನದೇ ಎಂದಿತು. ಚಿತ್ರ ತಯಾರಾಗುವ ಹತ್ತು ವರ್ಷ ಮುಂಚೆ ಅವರು ಕಾನೂನಿನ ದಾರಿಯಲ್ಲೇ ಇಷ್ಟು ಗೆದ್ದಿದ್ದರು. ಇದನ್ನು ನಿಮ್ಮ ಕೂಟದವರಿಗೆ ಹೇಳಿ.

ಹಾಗಾದರೆ ಹಾಕಬಹುದಾ? ಹಾಕಿ. ಹೇಗೆ ಹಾಕುವುದು ಅನ್ನುವುದರಲ್ಲಿ ಎರಡು ಮೂರು ದಾರಿ ಇವೆ.

ಇದೊಂದನ್ನೇ ಹಾಕಿ, ಮುಂಚೆ ಐದು ನಿಮಿಷ ಮಾತಾಡುವುದು ಸುಲಭದ ದಾರಿ. ಅಪಾಯ ಏನೆಂದರೆ ನೀವು ಕಾನೂನು ಬಲ್ಲವರು, ಐದು ನಿಮಿಷ ಅರ್ಧ ಗಂಟೆ ಆಗಬಹುದು. ಆಗ ಜನ ಸಿನಿಮಾದಲ್ಲಿ ಕಾಯ್ದೆಯನ್ನು ಮಾತ್ರ ಹುಡುಕುತ್ತಾರೆ, ಬೆಳಕು ಕತ್ತಲೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ವಿಷಯ, ಅವನು ನಾಗರಿಕನಲ್ಲ ಎಂಬ ವಿಷಯ, ಇವೆರಡನ್ನು ಮಾತ್ರ ಮುಂಚೆ ಹೇಳಿ. ಉಳಿದದ್ದು ಆಮೇಲೆ.

‘ಬ್ರೋಕನ್ ಆ್ಯರೋ’ ಜೊತೆ ಜೋಡಿ ಮಾಡಿ ಹಾಕಬಹುದು. ಗೆಳೆಯರಿಗೆ ಉತ್ತರ ಸಿಗುತ್ತದೆ. ಆದರೆ ಎರಡರಲ್ಲೂ ಮೂಲನಿವಾಸಿಗಳ ದೊಡ್ಡ ಪಾತ್ರಗಳನ್ನು ಮಾಡಿದವರು ಬಿಳಿಯ ನಟರೇ. ಒಂದೇ ದಿನ ಎರಡನ್ನೂ ನೋಡಿದ ಹುಡುಗರಿಗೆ ಮಗಳ ಸಿಟ್ಟು ದುಪ್ಪಟ್ಟಾದರೆ ಅವರನ್ನು ದೂರುವಂತಿಲ್ಲ. ನಾನಾಗಿದ್ದರೆ ಈ ತಿಂಗಳು ಇದನ್ನು ಹಾಕಿ, ಮುಂದಿನ ತಿಂಗಳು 1998ರ ‘ಸ್ಮೋಕ್ ಸಿಗ್ನಲ್ಸ್’ ಹಾಕುತ್ತೇನೆ. ನಿರ್ದೇಶಕ ಕ್ರಿಸ್ ಏರ್ ಶೈಯೆನ್ ಮತ್ತು ಅರಪಾಹೋ ಜನಾಂಗದವರು, ಮುಖ್ಯ ನಟರೂ ಮೂಲನಿವಾಸಿಗಳು. ಅದು ಜಮೀನು ಜಗಳದ ಚಿತ್ರ ಅಲ್ಲ, ನಗುವೂ ಇದೆ. ಎರಡಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಬುಡಕಟ್ಟಿಗೆ ಬಿಟ್ಟ ಮೀಸಲು ನೆಲದಲ್ಲಿ ಬೆಳೆದ ಹುಡುಗರ ಈಗಿನ ಬದುಕನ್ನು ಅವರದೇ ಬಾಯಿಂದ ಕೇಳಿದಾಗ, ಮಾನ್ ಚಿತ್ರದ ಕೊನೆ ಎಷ್ಟು ಅರ್ಧಂಬರ್ಧ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಆಯ್ದ ದೃಶ್ಯ ಮಾತ್ರ ತೋರಿಸುವುದು ಬೇಡ. ಸಲೂನ್ ದೃಶ್ಯ ಒಂದನ್ನೇ ಕತ್ತರಿಸಿ ತೋರಿಸಿದರೆ ಅದು ಬರೀ ಹೊಡೆದಾಟ ಆಗಿಬಿಡುತ್ತದೆ.

ಹಾಲ್ ವಿಷಯ: ಆಲ್ಟನ್ ಚಿತ್ರಕ್ಕೆ ಕತ್ತಲೆ ಬೇಕೇ ಬೇಕು. ಸಂಜೆ ಐದಕ್ಕೆ ಕಿಟಕಿಗೆ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದರೆ ರಾತ್ರಿಯ ದೃಶ್ಯಗಳು ಬೂದು ಗೋಡೆಯಾಗುತ್ತವೆ. ಏಳೂವರೆ ಮೇಲೆ ಇಟ್ಟುಕೊಳ್ಳಿ, ಟ್ಯೂಬ್‌ಲೈಟ್ ಆರಿಸಿ, ಪ್ರೊಜೆಕ್ಟರ್‌ನ ಬ್ರೈಟ್‌ನೆಸ್ ಜಾಸ್ತಿ ಏರಿಸಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ನೋಡಿ, ಹಳೆಯ ಧ್ವನಿಮುದ್ರಣದಲ್ಲಿ ಮಾತು ಹಿಡಿಯುವುದು ಕಷ್ಟ. ಎಂಜಿಎಂನ ಹಳೆಯ ಚಿತ್ರಗಳ ಹಕ್ಕು ಈಗ ವಾರ್ನರ್ ಬಳಿ ಇದೆ. ಮನೆಯಲ್ಲಿ ನೋಡಲು ಕೊಂಡ ಡಿಸ್ಕ್ ಸಾರ್ವಜನಿಕ ಪ್ರದರ್ಶನಕ್ಕೆ ಆಗುವುದಿಲ್ಲ, ಮುಂಚೆಯೇ ಅನುಮತಿ ಕೇಳಿ.

ಒಂದು ಕೆಲಸ ಮಾತ್ರ ನೀವೇ ಮಾಡಬೇಕು. 1863ರಲ್ಲಿ ಗುರುತಿಸಿದ ಶೋಶೋನಿ ನಾಡು ಒಂದು ಹಾಳೆಯಲ್ಲಿ, 1868ರ ವಿಂಡ್ ರಿವರ್ ಇನ್ನೊಂದರಲ್ಲಿ, ಎರಡೂ ಒಂದೇ ಸ್ಕೇಲಿನಲ್ಲಿ ಬಿಡಿಸಿ. ಪಕ್ಕದಲ್ಲಿ ಒಂದು ಕಾಲು ಸೆಕ್ಷನ್ ಎಷ್ಟು ದೊಡ್ಡದು ಅಂತ ಗುರುತು ಹಾಕಿ. ಆ ಸ್ಕೇಲಿನಲ್ಲಿ ಅದು ಪೆನ್ಸಿಲ್ ಚುಕ್ಕಿಗಿಂತ ಚಿಕ್ಕದಾಗುತ್ತದೆ, ಪರವಾಗಿಲ್ಲ. ಚಿತ್ರ ಮುಗಿದು ದೀಪ ಹಾಕಿದ ಮೇಲೆ ಗೋಡೆಗೆ ಅಂಟಿಸಿ, ಮಾತು ಅಲ್ಲಿಂದ ಶುರು ಮಾಡಿ.